ಹರಕೆ ಸೈಕಲ್

ತೈನಾನ್, ಅಕ್ಟೋಬರ್ 14

ಮಿಂಗ್‌ಚು,

ಕೂತುಕೊಂಡು ಓದು. ನಿನ್ನ ಅಕ್ಕ ಸೈಕಲ್ ಕೊಂಡಿದ್ದಾಳೆ.

ನಗಬೇಡ, ಕಾರಣ ನೀನೇ. ಆಗಸ್ಟಿನಲ್ಲಿ ನಿನ್ನ ಬಲಗಣ್ಣಿನ ಪೊರೆ ತೆಗೆಸುವ ಹಿಂದಿನ ದಿನ ನಾನು ಮಾಜು ತಾಯಿಯ ಗುಡಿಗೆ ಹೋಗಿದ್ದೆ. "ಆಪರೇಷನ್ ಸುಸೂತ್ರವಾಗಿ ಆದ್ರೆ ಸೈಕಲ್ ತುಳ್ಕೊಂಡು ಅವಳ ಮನೆವರೆಗೂ ಹೋಗಿ ಕಣ್ಣು ನೋಡ್ಕೊಂಡು ಬರ್ತೀನಿ ತಾಯಿ" ಎಂದುಬಿಟ್ಟೆ. ಯಾಕೆ ಸೈಕಲ್ ಎಂದು ಕೇಳಬೇಡ, ಬಾಯಿಗೆ ಬಂದದ್ದು ಅದು. ಪಕ್ಕದಲ್ಲಿ ನಿಂತ ಹೆಂಗಸು ಇಡೀ ಹಂದಿಯನ್ನೇ ಒಪ್ಪಿಸುತ್ತೇನೆ ಎನ್ನುತ್ತಿದ್ದಳು, ಅವಳಿಗಿಂತ ಕಡಿಮೆಯಾಗಬಾರದು ಎನಿಸಿತು. ಅರ್ಧಚಂದ್ರದ ಮರದ ತುಂಡುಗಳನ್ನು ಮೂರು ಸಲ ಎಸೆದೆ. ಮೂರು ಸಲವೂ ಒಂದು ಅಂಗಾತ, ಒಂದು ಬೋರಲು. ತಾಯಿ ಒಪ್ಪಿಬಿಟ್ಟಳು. ಮಾರನೆಯ ದಿನ ನೀನು ಫೋನ್ ಮಾಡಿ, "ಆಯ್ತು ಅಕ್ಕ, ಎಲ್ಲ ಸರಿಹೋಯ್ತು" ಎಂದು ಒಂದೇ ಉಸಿರಿನಲ್ಲಿ ಹೇಳಿ ಇಟ್ಟೆ. ಅಲ್ಲಿಗೆ ಹರಕೆ ನನ್ನ ತಲೆಯ ಮೇಲೆ ಕೂತಿತು. ಮುಂದಿನ ವಸಂತದಲ್ಲಿ ತಾಯಿಯ ಹುಟ್ಟುಹಬ್ಬ ಬರುವುದರೊಳಗೆ ತೀರಿಸಬೇಕು.

ಸೈಕಲ್ ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಎಷ್ಟ್ ವರ್ಷ ಆಯ್ತಮ್ಮಾ ಸೈಕಲ್ ಬಿಟ್ಟು?"

"ಬಟ್ಟೆ ಗಿರಣಿ ಕೆಲಸ ಬಿಟ್ಟಾಗ ಬಿಟ್ಟೆ."

"ಆ ಗಿರಣಿ ಮುಚ್ಚೇ ಮೂವತ್ತು ವರ್ಷ ಆಯ್ತಲ್ಲ."

"ಮತ್ತೆ ನೀವೇ ಲೆಕ್ಕ ಹಾಕ್ಕೊಳಿ."

ಅವನು ಕಾಯಿಮಾವಿನ ಬಣ್ಣದ ಸೈಕಲ್ಲೊಂದನ್ನು ಹೊರಗೆ ತಂದು ಸೀಟನ್ನು ಇಳಿಸಿ ಕೊಟ್ಟ. ಹ್ಯಾಂಡಲಿನ ಹತ್ತಿರ ಬೆರಳಿಂದ ಒತ್ತಿದರೆ ಗೇರು ಬದಲಾಗುತ್ತದೆ. ನಮ್ಮ ಕಾಲದ ಸೈಕಲ್ಲಿಗೆ ಇದ್ದದ್ದು ಒಂದೇ ಗೇರು, ಅದು ನಮ್ಮ ತೊಡೆ. ಗುಡಿಗೆ ನೂಕಿಕೊಂಡು ಹೋಗಿ, ಧೂಪದ ಹೊಗೆಯ ಮೇಲೆ ಹಾಯಿಸಿ, ಹ್ಯಾಂಡಲಿಗೆ ಕೆಂಪು ತಾಯಿತ ಕಟ್ಟಿಸಿದೆ. ಆಮೇಲೆ ಅಂಗಳದಲ್ಲೇ ಹತ್ತಿದೆ. ಕಾಲಿಗೆ ಎಲ್ಲ ನೆನಪಿತ್ತು, ತಲೆಗೆ ಇರಲಿಲ್ಲ. ತಲೆ "ಬಿದ್ದೆ, ಬಿದ್ದೆ" ಎನ್ನುತ್ತಿತ್ತು, ಕಾಲು ತನ್ನ ಪಾಡಿಗೆ ತುಳಿಯುತ್ತಿತ್ತು. ಕಾಲುವೆ ದಂಡೆಗೆ ಬರುವಷ್ಟರಲ್ಲಿ ನಾನು ಜೋರಾಗಿ ನಗುತ್ತಿದ್ದೆ. ಮೀನು ಹಿಡಿಯುತ್ತಿದ್ದ ಮುದುಕರು ತಿರುಗಿ ನೋಡಿದರು.

ನಿನ್ನ ಭಾವ ಬಾಗಿಲಲ್ಲಿ ನಿಂತು, "ಅರವತ್ತಕ್ಕೆ ಅರಳು ಮರಳು ಅಂತಾರೆ, ನಿನಗೆ ಐವತ್ತೊಂಬತ್ತಕ್ಕೇ ಬಂತಲ್ಲ" ಎಂದರು. ಊಟಕ್ಕೆ ಹಾಕದೆ ಮಲಗಿಸಿದೆ.

ಅಮ್ಮನ ತಿಥಿಯ ದಿನ ಮಾಡಿಕೊಂಡ ಒಪ್ಪಂದ ನೆನಪಿರಲಿ, ಇನ್ನು ಮುಂದೆ ಮಾತೆಲ್ಲ ಕಾಗದದಲ್ಲೇ. ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೆ ಜಗಳ ಆಡುತ್ತೇವೆ. ಬರೆದೇ ಉತ್ತರ ಕೊಡು.

ನಿನ್ನ ಅಕ್ಕ,
ಚ್ಯೂಯೆನ್

*

ಚಿಶಾಂಗ್, ಅಕ್ಟೋಬರ್ 27

ಅಕ್ಕ,

ನಿನ್ನ ಕಾಗದ ತಲುಪಿತು. ನಿನಗೆ ಹುಚ್ಚೇನು? ತೈನಾನ್ ಎಲ್ಲಿ, ನಮ್ಮ ಚಿಶಾಂಗ್ ಎಲ್ಲಿ? ನಡುವೆ ದಕ್ಷಿಣದ ಬೆಟ್ಟಸಾಲು ಪೂರ್ತಿ ಇದೆ. ಶೋಕಾ ಘಾಟಿ ಹತ್ತುವಾಗ ಕಾಲೇಜು ಹುಡುಗರೇ ನಾಲಿಗೆ ಹೊರಗೆ ಹಾಕುತ್ತಾರೆ.

ಟ್ರೇನಿನಲ್ಲಿ ಬಾ. ಕಿಟಕಿ ಪಕ್ಕದ ಸೀಟು ಹಿಡಿ. ತಾಯಿ ಸಮುದ್ರದ ದೇವತೆ, ಅವಳಿಗೆ ದೋಣಿ ಗೊತ್ತು, ಸೈಕಲ್ಲಿನ ಮೇಲೆ ಅವಳಿಗೇನೂ ಹಟ ಇರಲಾರದು. ಕ್ಷಮೆ ಕೇಳಿ ಹಣ್ಣು ಇಟ್ಟರೆ ಮುಗಿಯಿತು. ಹಣ್ಣು ನಾನೇ ಕಳಿಸುತ್ತೇನೆ. ಈ ವರ್ಷ ಸೀತಾಫಲ ಚೆನ್ನಾಗಿ ಬಂದಿದೆ.

ನನ್ನ ಕಣ್ಣು ಹೇಗಿರಬೇಕೋ ಹಾಗಿದೆ. ಅದನ್ನು ನೋಡಲು ಯಾರೂ ಅಷ್ಟು ದೂರದಿಂದ ಬರಬೇಕಾಗಿಲ್ಲ. ಬೆಳಗಿನ ತಿಂಡಿ ಅಂಗಡಿಯಲ್ಲಿ ಜನವೋ ಜನ. ಕೈ ಬಿಡುವಿಲ್ಲ.

ಮಿಂಗ್‌ಚು

*

ತೈನಾನ್, ನವೆಂಬರ್ 22

ಮಿಂಗ್‌ಚು,

ಸೀತಾಫಲ ತಲುಪಿತು. ತಾಯಿಗೆ ಎರಡು ಇಟ್ಟು ಉಳಿದದ್ದನ್ನು ನಾವು ತಿಂದೆವು. ಕ್ಷಮೆ ಮಾತ್ರ ಕೇಳಲಿಲ್ಲ.

ಒಂದು ಮಾತು. ನಿನ್ನ ಅಕ್ಷರ ಏನು ಹೀಗೆ? ಅಂಗಡಿ ಬೋರ್ಡಿನ ಹಾಗೆ ದಪ್ಪದಪ್ಪ ಬರೆದು ನಾಲ್ಕು ಮಾತಿಗೆ ಎರಡು ಹಾಳೆ ಮುಗಿಸಿದ್ದೀಯ. ಹೊಸ ಕಣ್ಣು ಬಂತೆಂದು ಜಂಭ ತೋರಿಸುತ್ತಿರಬೇಕು. ಇರಲಿ, ತೋರಿಸು.

ನಾನು ಬೆಳಗಿನ ಗುಂಪಿಗೆ ಸೇರಿದ್ದೇನೆ. ಎಲ್ಲ ನಿವೃತ್ತರು. ಮುಂದಾಳು ಖೆ ಎನ್ನುವವರು, ಪೋಸ್ಟ್‌ಮ್ಯಾನ್ ಆಗಿದ್ದವರು. ಎಪ್ಪತ್ತು ದಾಟಿದರೂ ಪೆಡಲ್ ಮೇಲೆ ಕಾಲಿಟ್ಟರೆ ಇನ್ನೂ ಯಾರದೋ ತಂತಿ ತಲುಪಿಸುವ ಅವಸರ. ಅವರು ನನಗೆ ಇಟ್ಟ ಹೆಸರು ಹರಕೆಯಮ್ಮ. ಮೊದಲ ವಾರ ಕೂರುವ ಜಾಗ ಎಷ್ಟು ನೊಂದಿತೆಂದರೆ ಊಟವನ್ನೂ ನಿಂತು ಮಾಡಿದೆ. ಆಮೇಲೆ ಮೆತ್ತೆ ಹೊಲಿದ ಚಡ್ಡಿ ಕೊಂಡೆ. ನಿನ್ನ ಭಾವ ಅದನ್ನು ಹಗ್ಗದ ಮೇಲೆ ನೋಡಿ, "ಇದೇನೇ, ಒಳಗಡೆ ದಿಂಬು?" ಎಂದರು. "ನಿಮ್ಮ ಕುರ್ಚಿಗಿಂತ ಇದು ಮೇಲು" ಎಂದೆ.

ಬ್ಯಾಟರಿ ಇರುವ ಸೈಕಲ್ ತೆಗೆದುಕೊಳ್ಳಲಿಲ್ಲ ಏಕೆ ಎಂದು ಅವರು ಗೊಣಗುತ್ತಲೇ ಇದ್ದರು. ಮಾತು ನಿಲ್ಲಲಿ ಎಂದು ಇಬ್ಬರೂ ಗುಡಿಗೆ ಹೋದೆವು. "ಬ್ಯಾಟರಿ ನಡೆಯುತ್ತಾ ತಾಯಿ?" ಎಂದು ತುಂಡು ಎಸೆದೆ. ಎರಡೂ ಬೋರಲು. ಇವರು ಬಗ್ಗಿ ನೋಡಿ, "ಅವಳಿಗೆ ಬ್ಯಾಟರಿ ಅಂದ್ರೆ ಏನೂಂತ ಗೊತ್ತಿಲ್ಲ, ಬಿಡಿಸಿ ಹೇಳು" ಎಂದರು. ಬಿಡಿಸಿ ಹೇಳಿದೆ. ಮತ್ತೆ ಎರಡೂ ಬೋರಲು. ಆಗಲ್ಲ ಎಂದರೆ ಆಗಲ್ಲ. ಟ್ರೇನೂ ಇಲ್ಲ, ಟ್ರಕ್ಕೂ ಇಲ್ಲ, ನನ್ನ ಕಾಲೇ ಗತಿ.

ನಿನ್ನೆ ಉಪ್ಪಿನ ಗದ್ದೆಗಳ ಕಡೆ ಹೋಗಿದ್ದೆವು. ಗಾಳಿ ಹಿಂದಿನಿಂದ ಬೀಸುತ್ತಿತ್ತು. ಅಂಥ ಗಾಳಿಯಲ್ಲಿ ತುಳಿಯುವುದೇ ಬೇಡ, ಕೂತರೆ ಸಾಕು. ಬೆಳ್ಳಕ್ಕಿಗಳು ನಮ್ಮ ಪಕ್ಕಕ್ಕೇ ಹಾರುತ್ತಿದ್ದವು. ಸ್ಕೂಟರ್ ಮೇಲೆ ಇಷ್ಟು ವರ್ಷ ಇದೇ ದಾರಿಯಲ್ಲಿ ಓಡಾಡಿದ್ದೇನೆ, ಅವುಗಳ ಕಾಲಿನ ಬಣ್ಣ ಕಪ್ಪು ಎಂದು ಗೊತ್ತೇ ಇರಲಿಲ್ಲ. ಬಂದು ಮೀನಿನ ಗಂಜಿ ಎರಡು ಬಟ್ಟಲು ಕುಡಿದೆ. ಇಷ್ಟು ಹಸಿವು ಗಿರಣಿಯ ದಿನಗಳ ಮೇಲೆ ಈಗಲೇ.

ಚ್ಯೂಯೆನ್

*

ಚಿಶಾಂಗ್, ಡಿಸೆಂಬರ್ 18

ಅಕ್ಕ,

ನೀನು ಬಂದಾಗ ಮಲಗುವ ಕೋಣೆ ಸೋರುತ್ತಿದೆ. ರಿಪೇರಿಯವನು ಬೇಸಿಗೆಯವರೆಗೂ ಬರುವುದಿಲ್ಲವಂತೆ. ವಸಂತದಲ್ಲಿ ನಮ್ಮ ಕಡೆ ಎದುರುಗಾಳಿ ಜಾಸ್ತಿ. ಹೊಸ ವರ್ಷಕ್ಕೂ ಬರುವುದು ಬೇಡ, ನಾನು ಅಂಗಡಿ ಮುಚ್ಚುವುದಿಲ್ಲ. ಪ್ರವಾಸಿಗಳು ತುಂಬುತ್ತಾರೆ.

ನಿನಗೆ ಸೈಕಲ್ ಹಿಡಿಸಿದ್ದು ಸಂತೋಷ. ಅಲ್ಲೇ ಉಪ್ಪಿನ ಗದ್ದೆಯಲ್ಲಿ ತುಳಿದುಕೊಂಡಿರು. ಅಷ್ಟಕ್ಕೇ ತಾಯಿ ಮೆಚ್ಚುತ್ತಾಳೆ.

ಅಕ್ಷರ ನನಗೆ ಹೇಗೆ ಬೇಕೋ ಹಾಗೆ ಬರೆಯುತ್ತೇನೆ.

ಮಿಂಗ್‌ಚು

*

ತೈನಾನ್, ಫೆಬ್ರವರಿ 20

ಮಿಂಗ್‌ಚು,

ಎರಡು ತಿಂಗಳು ಬರೆಯಲಿಲ್ಲ. ಸಿಟ್ಟು ಬಂದಿತ್ತು, ಅದನ್ನು ಮುಚ್ಚಿಡುವುದಿಲ್ಲ. ಹೊಸ ವರ್ಷದ ಊಟಕ್ಕೂ ಬರಬೇಡ ಎಂದೆಯಲ್ಲ. ಕೋಣೆ ಸೋರುತ್ತದೆ, ಗಾಳಿ ಎದುರು, ಅಂಗಡಿಯಲ್ಲಿ ಜನ. ಒಂದು ನೆಪವಾದರೆ ನಂಬಬಹುದು. ಸಾಲಾಗಿ ಹೇಳಿದರೆ ಬಾಗಿಲು ಹಾಕಿದ ಹಾಗೆ.

ಏನಿರಬಹುದೆಂದು ತುಂಬ ಯೋಚಿಸಿದೆ. ಒಂಟಿಯಾಗಿ ಅಂಗಡಿ ನಡೆಸಿ ಸ್ವತಂತ್ರವಾಗಿರುವವಳು ನೀನು, ದೊಡ್ಡಕ್ಕನ ಯಜಮಾನಿಕೆ ಸಾಕೆನಿಸಿರಬೇಕು. ನಾನು ಬಂದರೆ ನಿನ್ನ ಡಬ್ಬಿಗಳನ್ನೆಲ್ಲ ಜಾಗ ಬದಲಾಯಿಸುತ್ತೇನೆ, ಅದು ನಿಜ. ಈ ಸಲ ಯಾವ ಡಬ್ಬಿಯನ್ನೂ ಮುಟ್ಟುವುದಿಲ್ಲ. ಒಂದು ರಾತ್ರಿ ಮಲಗಿ, ನಿನ್ನ ಕಣ್ಣು ನೋಡಿ ಹೊರಡುತ್ತೇನೆ. ಸೋರುವ ಕೋಣೆಯಾದರೂ ಸರಿ.

ಮೊದಲು ಈ ಸೈಕಲ್ ನಿನ್ನ ಸಲುವಾಗಿ ಹೊತ್ತ ಭಾರವಾಗಿತ್ತು. ಈಗ ಹಾಗಿಲ್ಲ. ಬೆಳಗ್ಗೆ ಎದ್ದ ಕೂಡಲೇ ಇವತ್ತು ಎಲ್ಲಿಗೆ ಎಂದು ಮನಸ್ಸು ಕೇಳುತ್ತದೆ. ಎಷ್ಟೋ ವರ್ಷದಿಂದ ಅದು ಇವತ್ತು ಏನು ಅಡುಗೆ ಎಂದು ಮಾತ್ರ ಕೇಳುತ್ತಿತ್ತು. ಮೊನ್ನೆ ಸೇತುವೆಯ ಏರಿನಲ್ಲಿ ಖೆ ಅವರನ್ನೇ ಹಿಂದೆ ಹಾಕಿದೆ. "ಹರಕೆಯಮ್ಮಾ, ದೇವ್ರನ್ನ ಕ್ಯಾರಿಯರ್ ಮೇಲೆ ಕೂರಿಸ್ಕೊಂಡಿದೀರಾ?" ಎಂದು ಹಿಂದಿನಿಂದ ಕೂಗಿದರು. ನನಗೆ ಖುಷಿಯಾಗಿದೆ ಮಿಂಗ್‌ಚು. ಅದನ್ನು ಹೇಳಿಕೊಳ್ಳಲು ನನಗೆ ನೀನು ಬಿಟ್ಟರೆ ಯಾರಿದ್ದಾರೆ? ನಿನ್ನ ಭಾವನಿಗೆ ಹೇಳಿದರೆ ಮಂಡಿಗೆ ಎಣ್ಣೆ ಹಚ್ಚಿಕೋ ಎನ್ನುತ್ತಾರೆ.

ಏಪ್ರಿಲ್ ಎರಡರಂದು ಹೊರಡುತ್ತೇನೆ. ದಾರಿಯಲ್ಲಿ ಫೋನ್ ಮಾಡಬೇಡ. ಜಗಳವಾಡಿದರೆ ಏರು ಹತ್ತಲು ಉಸಿರು ಉಳಿಯುವುದಿಲ್ಲ.

ಚ್ಯೂಯೆನ್

*

ಚಿಶಾಂಗ್, ಮಾರ್ಚ್ 27

ಅಕ್ಕ,

ನೀನು ಹೊರಡುವ ಮುಂಚೆ ಇದು ನಿನ್ನ ಕೈ ಸೇರಬೇಕು.

ನನ್ನ ಕಣ್ಣಿನ ಆಪರೇಷನ್ ಆಗಿಲ್ಲ.

ಆ ದಿನ ತೈದುಂಗಿನ ಆಸ್ಪತ್ರೆಗೆ ಹೋಗಿದ್ದು ನಿಜ. ಬಟ್ಟೆ ಬದಲಾಯಿಸಿದರು, ತಲೆಗೆ ಹಸಿರು ಟೋಪಿ ಹಾಕಿದರು. ನರ್ಸ್ ಬಂದು ಬಲಗಣ್ಣಿನ ಮೇಲೆ ಪೆನ್ನಿನಿಂದ ಗುರುತು ಮಾಡಿದಳು. "ಯಾಕಮ್ಮಾ ಇದು?" ಎಂದೆ. "ಡಾಕ್ಟ್ರು ಮರೆತು ಈ ಕಡೆ ಬಿಟ್ಟು ಆ ಕಡೆ ಮಾಡ್ಬಾರ್ದಲ್ಲ ಆಂಟಿ" ಎಂದು ನಕ್ಕಳು. ಅವಳು ತಮಾಷೆಗೆ ಹೇಳಿದ್ದು. ಶೌಚಾಲಯ ಎಂದು ಹೇಳಿ ಎದ್ದೆ, ಕೈಗೆ ಸಿಕ್ಕ ನನ್ನ ಬಟ್ಟೆ ಹಾಕಿಕೊಂಡು ಹಿಂಬಾಗಿಲಿಂದ ಬೀದಿಗೆ ಬಂದುಬಿಟ್ಟೆ. ಎದುರಿಗೆ ಅಕ್ಕಿ ಶಾವಿಗೆ ಅಂಗಡಿ. ಹೊಟ್ಟೆ ಖಾಲಿ ಇತ್ತು, ಕೂತು ಒಂದು ಬಟ್ಟಲು ಹೇಳಿದೆ.

"ಆಸ್ಪತ್ರೇಲಿ ಸೇರಿದೀರಾ ಅಮ್ಮಾ?" ಎಂದು ಅಂಗಡಿಯವಳು ಕೇಳಿದಳು.

"ಇಲ್ಲ, ಯಾರನ್ನೋ ನೋಡೋಕೆ ಬಂದಿದ್ದೆ."

"ಟೋಪಿ ಹಾಕ್ಕೊಂಡಾ?"

ಟೋಪಿ ತೆಗೆದು ಬ್ಯಾಗಿಗೆ ತುರುಕಿ, ಶಾವಿಗೆ ಪೂರ್ತಿ ತಿಂದು, ಟ್ರೇನು ಹತ್ತಿ ಮನೆಗೆ ಬಂದೆ. ನೀನು ಕಾಯುತ್ತಿರುತ್ತೀಯೆಂದು ಗೊತ್ತಿತ್ತು. ಹೆದರಿ ಓಡಿಬಂದೆ ಎಂದು ನಿನಗೆ ಹೇಳಲು ನಾಲಿಗೆ ಏಳಲಿಲ್ಲ. ಆಯ್ತು ಎಂದೆ. ಮುಂದಿನ ತಿಂಗಳು ಹೋಗಿ ಮಾಡಿಸಿಕೊಂಡುಬಿಟ್ಟರೆ ಸುಳ್ಳೂ ನಿಜವಾಗುತ್ತದೆ ಎಂದುಕೊಂಡಿದ್ದೆ. ಹೋಗಲಿಲ್ಲ. ಅಷ್ಟರಲ್ಲಿ ನೀನು ಸೈಕಲ್ ಕೊಂಡೆ.

ಆಗದೇ ಇರುವ ಆಪರೇಷನ್ನಿಗೆ ನೀನು ಬೆಟ್ಟ ಹತ್ತುತ್ತಿದ್ದೀಯ. ಬಂದು ನನ್ನ ಕಣ್ಣು ನೋಡಿದರೆ ಗೊತ್ತಾಗಿಬಿಡುತ್ತದೆ ಎಂದು ಎಲ್ಲ ನೆಪ ಹೂಡಿದೆ. ಕೋಣೆ ಸೋರುತ್ತಿಲ್ಲ. ಅಂಗಡಿಯಲ್ಲಿ ಜನವೂ ಅಷ್ಟಿಲ್ಲ. ಮೊನ್ನೆ ಸೋಯಾ ಹಾಲಿಗೆ ಸಕ್ಕರೆ ಎಂದು ಉಪ್ಪು ಹಾಕಿದೆ, ಎಡಗಣ್ಣು ಮೊದಲಿಂದಲೂ ಮಂದ, ರಸ್ತೆಯ ಆಚೆ ನಿಂತವರು ಹೆಂಗಸೋ ಗಂಡಸೋ ಕಾಣುವುದಿಲ್ಲ. ನಿನ್ನ ಯಜಮಾನಿಕೆ ನನಗೆ ಯಾವತ್ತೂ ಸಾಕಾಗಿಲ್ಲ. ಡಬ್ಬಿಗಳನ್ನು ಬೇಕಾದ ಹಾಗೆ ಇಡು.

ಹೊರಡಬೇಡ. ಹರಕೆಗೆ ಕಾರಣವೇ ಇಲ್ಲ. ಬೈಯಬೇಕಾದರೆ ಬರೆದು ಬೈಯಿ.

ಮಿಂಗ್‌ಚು

*

ಫಂಗ್‌ಗಾಂಗ್, ಮಾರ್ಚ್ 30
(ಕಾರ್ಡು)

ಮಿಂಗ್‌ಚು, ನಾನು ಹೊರಟಾಯಿತು. ನಾಲ್ಕು ದಿನ ಮುಂಚೆಯೇ. ಹಿರಿಯರ ಸಮಾಧಿ ಪೂಜೆಯ ಹಬ್ಬದ ರಜೆಯ ಕಾರುಗಳು ರಸ್ತೆ ತುಂಬುವುದರೊಳಗೆ ಘಾಟಿ ದಾಟಿಬಿಡಿ ಎಂದು ಖೆ ಹೇಳಿದರು. ಈಗ ಘಾಟಿಯ ಬುಡದಲ್ಲಿದ್ದೇನೆ. ಇಲ್ಲಿಯ ಬೆಟ್ಟದ ಗಾಳಿಗೆ ಸೈಕಲ್ ಅಡ್ಡಡ್ಡ ಹೋಗುತ್ತದೆ, ಅದು ಇಳಿಯುವವರೆಗೂ ಇಲ್ಲೇ ಇರುತ್ತೇನೆ. ಪೊಲೀಸ್ ಠಾಣೆಯಲ್ಲಿ ಚಕ್ರಕ್ಕೆ ಗಾಳಿ, ನನಗೆ ಬಿಸಿನೀರು ಕೊಟ್ಟರು. ನೀನು ಏನೇ ಹೇಳಿದರೂ ನಾನು ಬರುವವಳೇ. ನಿನ್ನ ಮೇಲೆ ಸಿಟ್ಟಿಲ್ಲ. ನಿನ್ನ ಕಣ್ಣು ನೋಡಿದರೆ ಸಾಕು ನನಗೆ. ಚ್ಯೂಯೆನ್

*

ದಾವು, ಏಪ್ರಿಲ್ 2

ಮಿಂಗ್‌ಚು,

ದಾಟಿದೆ. ಈ ಕಾಗದ ನನಗಿಂತ ಮುಂಚೆ ತಲುಪುತ್ತದೋ ಇಲ್ಲವೋ. ಆದರೂ ಬರೆಯದೆ ಇರಲಾಗುತ್ತಿಲ್ಲ.

ಶೋಕಾ ಏರು ಕಡಿದಾಗಿಲ್ಲ. ಕಡಿದಾಗಿದ್ದರೆ ಬೈದು ಮುಗಿಸಬಹುದಿತ್ತು. ಅದು ಮುಗಿಯುವುದೇ ಇಲ್ಲ. ಪ್ರತಿ ತಿರುವಿನಲ್ಲೂ ಇದೇ ಕೊನೆ ಎನಿಸಿ, ತಿರುಗಿದರೆ ಮತ್ತೊಂದು. ಅತಿ ಸಣ್ಣ ಗೇರಿಗೆ ಹಾಕಿ, ನಡೆಯುವವರಿಗಿಂತ ನಿಧಾನವಾಗಿ ತುಳಿದೆ. ಪಕ್ಕದಲ್ಲಿ ಹೋಗುವ ಸ್ಕೂಟರಿನವರೆಲ್ಲ ಹೆಬ್ಬೆರಳು ಎತ್ತಿ "ಜಾಯೋ, ಜಾಯೋ" ಎಂದು ಹುರಿದುಂಬಿಸುತ್ತಿದ್ದರು. ಮೊದಲು ಕೈ ಬೀಸುತ್ತಿದ್ದೆ, ಆಮೇಲೆ ತಲೆ ಅಲ್ಲಾಡಿಸಿದೆ, ಕೊನೆಗೆ ಅದೂ ಆಗಲಿಲ್ಲ.

ಮುಕ್ಕಾಲು ದಾರಿಯಲ್ಲಿ ಬಲ ಮಂಡಿ ಹಿಡಿದುಕೊಂಡಿತು. ರಸ್ತೆಯ ಅಂಚಿನಲ್ಲಿ ಕೂತುಬಿಟ್ಟೆ. ಮಾವು ಸಾಗಿಸುವ ಖಾಲಿ ಟ್ರಕ್ ನಿಲ್ಲಿಸಿ ಡ್ರೈವರ್ ಕೆಳಗಿಳಿದ.

"ಹತ್ತಿ ಅಮ್ಮಾ, ಮೇಲ್ಗಡೆ ಬಿಡ್ತೀನಿ. ಯಾರೂ ನೋಡಲ್ಲ."

"ಮಾಜು ತಾಯಿ ನೋಡ್ತಾಳೆ."

"ಹರಕೇನಾ?" ಎಂದ. ಹೂಂ ಎಂದೆ. ಅವನು ಮುಂದೆ ಒತ್ತಾಯ ಮಾಡದೆ ಎರಡು ಬಾಳೆಹಣ್ಣು ಕೊಟ್ಟು, ನನ್ನ ಸೈಕಲ್ಲಿನ ತಾಯಿತಕ್ಕೆ ಕೈ ಮುಗಿದು ಹೋದ. ಆ ಹಣ್ಣು ತಿನ್ನುತ್ತಾ ನಾನು ಅತ್ತೆ. ಯಾಕೆಂದು ಗೊತ್ತಿಲ್ಲ. ಬೇಸರಕ್ಕಲ್ಲ. ಈ ವಯಸ್ಸಿನಲ್ಲಿ ಬೆಟ್ಟದ ನಡುವೆ ಒಬ್ಬಳೇ ಕೂತು, ಇಲ್ಲಿಂದ ಮುಂದೆ ಹೋಗುವುದು ನನ್ನ ಕೈಯಲ್ಲೇ ಇದೆ ಎಂಬುದು ತುಂಬ ದೊಡ್ಡದೆನಿಸಿತು. ಮಂಡಿಗೆ ನಿನ್ನ ಭಾವ ಕೊಟ್ಟ ಎಣ್ಣೆ ತಿಕ್ಕಿದೆ. ಅದರ ನಾತ ಇನ್ನೂ ಇದೆ.

ಮೇಲೆ ಮುಟ್ಟಿದಾಗ ಒಂದು ಗುಂಪು ಫೋಟೋ ತೆಗೆಸಿಕೊಳ್ಳುತ್ತಿತ್ತು. ನನ್ನನ್ನು ನೋಡಿ ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಇಳಿಜಾರು, ಕಾಡು, ಕಾಡು ಮುಗಿದದ್ದೇ ಸಮುದ್ರ. ಇಡೀ ದಾರಿ ನಾನು ಬಾಯಿ ಮುಚ್ಚಿರಲಿಲ್ಲ, ಒಂದೆರಡು ಹುಳ ಒಳಗೆ ಹೋಗಿರಬೇಕು. ಐದನೇ ತಾರೀಖು ನಿನ್ನ ಮುಂದೆ ಇರುತ್ತೇನೆ.

ಚ್ಯೂಯೆನ್

*

ತೈನಾನ್, ಏಪ್ರಿಲ್ 10

ಮಿಂಗ್‌ಚು,

ನಿನ್ನೆ ಟ್ರೇನಿನಲ್ಲಿ ಸೈಕಲ್ಲನ್ನು ಚೀಲದಲ್ಲಿ ಕಟ್ಟಿಕೊಂಡು ಮನೆಗೆ ಬಂದೆ. ಮೇಜಿನ ಮೇಲೆ ನಿನ್ನ ಕಾಗದ ಇತ್ತು. ಮಾರ್ಚ್ ಇಪ್ಪತ್ತೇಳರದು. ನಾನು ಹೊರಟ ಮಧ್ಯಾಹ್ನವೇ ಬಂದಿತಂತೆ, ನಿನ್ನ ಭಾವ ಅದರ ಮೇಲೆ ಟೀ ಲೋಟ ಇಟ್ಟುಕೊಂಡಿದ್ದರು.

ಮೂರು ಸಲ ಓದಿದೆ. ಮೊದಲ ಸಲ ನಿನ್ನನ್ನು ಹೊಡೆಯಬೇಕೆನಿಸಿತು. ಎರಡನೇ ಸಲ ಹಸಿರು ಟೋಪಿಯ ಹತ್ತಿರ ಬಂದಾಗ ನಗು ತಡೆಯಲಾಗಲಿಲ್ಲ. ಮೂರನೇ ಸಲ ನಾಲ್ಕು ದಿನ ನಿನ್ನ ಮನೆಯಲ್ಲಿ ಇದ್ದದ್ದು ನೆನಪಾಯಿತು. ಸಿನಿಮಾದವರ ಹಾಗೆ ಕಪ್ಪು ಕನ್ನಡಕ ಹಾಕಿಕೊಂಡು, ಒಳಗೂ ತೆಗೆಯದೆ ಓಡಾಡಿದೆಯಲ್ಲ. ಶೋಕಿ ಎಂದುಕೊಂಡಿದ್ದೆ. "ಕಣ್ಣು ತೋರ್ಸೇ" ಎಂದಾಗ ಒಂದು ಗಳಿಗೆ ಎತ್ತಿ ಮತ್ತೆ ಹಾಕಿಕೊಂಡೆ. ಪೊರೆ ಮುಚ್ಚಿಡಲು ಅಷ್ಟು ಕಷ್ಟಪಟ್ಟೆಯಾ? ನಾನು ಮುಂದೆಯೇ ಕೂತಿದ್ದೆ, ಹೇಳಬಾರದಾಗಿತ್ತೇ?

ಇವತ್ತು ಗುಡಿಗೆ ಹೋದೆ. ಸುಳ್ಳು ಆಪರೇಷನ್ನಿಗೆ ತೀರಿಸಿದ ಹರಕೆ ಏನಾಯಿತೆಂದು ಕೇಳಲೇಬೇಕಲ್ಲ. ತುಂಡು ಎಸೆದರೆ ಎರಡೂ ಅಂಗಾತ. ತಾಯಿ ನಕ್ಕಳು. ಮತ್ತೆ ಎಸೆದೆ, ಮತ್ತೆ ನಕ್ಕಳು. ಗುಡಿಯವರು ಬಂದು, "ನಗ್ತಾ ಇದಾಳೆ ಅಂದ್ರೆ ನೀವು ಕೇಳೋದೇ ಸರಿಯಿಲ್ಲ ಅಂತ. ಬೇರೆ ಥರ ಕೇಳಿ" ಎಂದರು. "ಮೊದ್ಲೇ ತೀರ್ಸಿದೀನಿ, ಈಗ ಅವಳ ಕಣ್ಣು ಸರಿಮಾಡ್ತೀಯಾ?" ಎಂದೆ. ಒಂದು ಅಂಗಾತ, ಒಂದು ಬೋರಲು. ಮೂರು ಸಲ.

ಆದ್ದರಿಂದ ಕೇಳು. ದಿನ ಗೊತ್ತುಮಾಡು. ನಾನು ಬಂದು ಆಸ್ಪತ್ರೆಯ ಹಿಂಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಹೆದರಿಕೆ ಆದರೆ ನನ್ನ ಕೈ ಹಿಡಿದುಕೋ, ಯಾರಿಗೂ ಹೇಳುವುದಿಲ್ಲ. ಶೋಕಾದಲ್ಲಿ ನನಗೂ ಹೆದರಿಕೆಯಾಗಿತ್ತು.

ಅಂದ ಹಾಗೆ ಖೆ ಅವರ ಗುಂಪು ಶರತ್ಕಾಲದಲ್ಲಿ ಇಡೀ ದ್ವೀಪ ಸುತ್ತುತ್ತದಂತೆ. ಹೆಸರು ಕೊಟ್ಟಿದ್ದೇನೆ. ಈ ಸಲ ಯಾವ ಹರಕೆಯೂ ಇಲ್ಲ, ಸುಮ್ಮನೆ.

ಚ್ಯೂಯೆನ್

*

ಚಿಶಾಂಗ್, ಏಪ್ರಿಲ್ 14

ಅಕ್ಕ,

ಹಾಗಾದರೆ ನೀನು ನನ್ನ ಕಾಗದ ಓದದೆಯೇ ಬಂದಿದ್ದೆ.

ನಾನು ಬೇರೆ ಎಣಿಸಿದ್ದೆ. ಏಪ್ರಿಲ್ ಒಂದರಂದು ಫಂಗ್‌ಗಾಂಗಿನ ಕಾರ್ಡು ಬಂತು. "ಏನೇ ಹೇಳಿದರೂ ಬರುವವಳೇ, ಸಿಟ್ಟಿಲ್ಲ" ಎಂದಿತ್ತು. ಎಲ್ಲ ಓದಿಯೂ ಅಕ್ಕ ಹೊರಟಿದ್ದಾಳೆ, ನಾನು ಸುಳ್ಳಿ ಎಂದು ಗೊತ್ತಿದ್ದೂ ಬೆಟ್ಟ ಹತ್ತುತ್ತಿದ್ದಾಳೆ ಎಂದುಕೊಂಡೆ. ಆ ಕಾರ್ಡು ಹಿಡಿದುಕೊಂಡು ಅಂಗಡಿಯಲ್ಲಿ ಎಷ್ಟು ಹೊತ್ತು ಕೂತಿದ್ದೆನೋ, ಒಲೆಯ ಮೇಲಿನ ಮೊಟ್ಟೆ ದೋಸೆ ಕರಿಕಲಾಯಿತು. ಆಸ್ಪತ್ರೆಗೆ ಫೋನ್ ಮಾಡಿದೆ. ಹಬ್ಬಕ್ಕೆಂದು ಯಾರೋ ಊರಿಗೆ ಹೋಗಿ ಮಾರನೆಯ ದಿನ ಒಂದು ಜಾಗ ಖಾಲಿಯಾಗಿತ್ತು.

ಅದೇ ನರ್ಸ್. ನನ್ನನ್ನು ಗುರುತು ಹಿಡಿದು, "ಆಂಟಿ, ಹೋದ್ಸಲದ ಟೋಪಿ ತಂದಿದೀರಾ?" ಎಂದಳು. ಈ ಸಲ ಬಾಗಿಲ ಕಡೆ ನೋಡಲಿಲ್ಲ. ಅಕ್ಕ ಈಗ ಎಷ್ಟನೇ ತಿರುವಿನಲ್ಲಿದ್ದಾಳೋ ಎಂದು ಯೋಚಿಸುತ್ತಾ ಮಲಗಿದ್ದೆ. ನೀನು ಶೋಕಾ ದಾಟಿದ ದಿನವೇ ನನ್ನ ಪೊರೆ ಹೋಯಿತು. ತಾಯಿ ಯಾಕೆ ನಕ್ಕಳೆಂದು ಈಗಲಾದರೂ ತಿಳಿಯಿತೇ? ಕಪ್ಪು ಕನ್ನಡಕ ಡಾಕ್ಟರು ಕೊಟ್ಟದ್ದು, ಹೊಸ ಕಣ್ಣಿಗೆ ಬೆಳಕು ಚುಚ್ಚುತ್ತದೆ ಎಂದು. ನೀನು ನನ್ನ ಸುಳ್ಳಿನ ವಿಷಯ ಎತ್ತಲೇ ಇಲ್ಲ. ದೊಡ್ಡ ಮನಸ್ಸು ಮಾಡಿ ಸುಮ್ಮನಿದ್ದೀಯ, ನಾನಾಗಿ ಕೆದಕುವುದು ಬೇಡ ಎಂದು ನಾನೂ ಎತ್ತಲಿಲ್ಲ. ಡಬ್ಬಿಗಳನ್ನು ಮಾತ್ರ ಒಂದೂ ಬಿಡದೆ ಜಾಗ ಬದಲಾಯಿಸಿದ್ದೀಯ.

ಒಂದು ಸಂಗತಿ ನಿನಗೆ ಹೇಳಿಲ್ಲ. ಐದನೇ ತಾರೀಖು ಬೆಳಗಿನಿಂದ ನಾನು ಗದ್ದೆಗಳ ನಡುವಿನ ನೇರ ರಸ್ತೆಯ ಈ ತುದಿಯಲ್ಲಿ ನಿಂತಿದ್ದೆ. ನೀನು ನನ್ನನ್ನು ನೋಡುವ ಎಷ್ಟೋ ಮೊದಲೇ ನಾನು ನಿನ್ನನ್ನು ನೋಡಿದೆ. ಎರಡು ವರ್ಷದಿಂದ ಆ ರಸ್ತೆಯ ಆ ಕೊನೆ ನನಗೆ ಬರೀ ಮಂಜು. ಅವತ್ತು ಪೈರು ಹಸಿರಾಗಿತ್ತು, ಅದರ ನಡುವೆ ಕಾಯಿಮಾವಿನ ಬಣ್ಣದ ಸೈಕಲ್, ಅದರ ಮೇಲೆ ನೀನು. ಯಾವುದೋ ನಾಯಿ ಅಡ್ಡ ಬಂದಿತ್ತು. ನೀನು ಕಾಲು ಊರಿ ನಿಂತು, ಬೆರಳು ಆಡಿಸಿ ಅದನ್ನು ಬೈಯುತ್ತಿದ್ದೆ. ಆ ಬೆರಳು ಕೂಡ ಕಾಣಿಸಿತು ಅಕ್ಕ.

ಮಿಂಗ್‌ಚು